ಶೇ 30 ಯಾರ ಪಾಲು? ಆರೋಗ್ಯ ಕರ್ನಾಟಕದ ಕಾರ್ಡ್ ಲೆಕ್ಕ

ಒಂಟಿಕೊಪ್ಪಲಿನವ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆಯಿದೆ, ಎಪಿಎಲ್‌ನವರು ಶೇ 30ರಷ್ಟು ಮಾತ್ರ ಭರಿಸಿದರೆ ಸಾಕು. ವರಮಾನ ಇರುವವರು ಸ್ವಲ್ಪ ಕೊಡುವುದರಲ್ಲಿ ಅನ್ಯಾಯವೇನಿದೆ?

ಮದ್ದೂರು ರೈತ: ‘ಶೇ 30 ಮಾತ್ರ’ ಎಂಬುದನ್ನು ತಿರುಗುಮುರುಗಾಗಿ ಬರೆದಿದ್ದೀರಿ, ಸ್ವಾಮಿ. ಶೇ 30 ಕೊಡುವುದು ಸರ್ಕಾರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ 70 ರೋಗಿಯ ತಲೆಯ ಮೇಲೆ. ನಮ್ಮ ತಂದೆಯನ್ನು ದಾಖಲು ಮಾಡಿದಾಗ ಆರೋಗ್ಯಮಿತ್ರರು (ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿ) ಕಾರ್ಡನ್ನು ತಿರುಗಿಸಿ ನೋಡಿ, ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟರು. ಕಬ್ಬಿನ ಬಾಕಿ ಬಂದಿರಲಿಲ್ಲವಾದ್ದರಿಂದ ಅಮ್ಮನ ಓಲೆಯನ್ನು ಅಡವಿಟ್ಟೆವು.

ಒಂಟಿಕೊಪ್ಪಲಿನವ: ಕಬ್ಬಿನ ಬಾಕಿಗೂ ವಿಮೆಗೂ ಏನು ಸಂಬಂಧ? ಹಳ್ಳಿಯ ಸಹಕಾರ ಸಂಘದ ಸದಸ್ಯರಾಗಿದ್ದರೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಕಟ್ಟಿ ಸಹಕಾರಿಗಳ ಆರೋಗ್ಯ ಯೋಜನೆಯಾದ ಯಶಸ್ವಿನಿಗೆ ಸೇರಬಹುದಿತ್ತು.

ಮದ್ದೂರು ರೈತ: ‘ಸೇರಬಹುದಿತ್ತು’! ನೋಂದಣಿಯ ಅವಧಿ ಮುಗಿದ ಮೇಲೆ ಬರುವ ಎದೆನೋವಿಗೆ ನೀವೇ ಬುದ್ಧಿ ಹೇಳಿ.

ಲೆಕ್ಕಿಗ, ಕುವೆಂಪುನಗರ: ಶೇ 70 ಎಂಬ ಮಾತೂ ಅರ್ಧವೇ. ಸರ್ಕಾರದ ಶೇ 30 ಲೆಕ್ಕಕ್ಕೆ ಬರುವುದು ಒಂದೊಂದು ಚಿಕಿತ್ಸೆಗೂ ಯೋಜನೆ ಮೊದಲೇ ನಿಗದಿಪಡಿಸಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ಕೊಡುವ ಬಿಲ್ಲಿನ ಮೇಲಲ್ಲ. ಪ್ಯಾಕೇಜ್ 1 ಲಕ್ಷವಾದರೆ ಸರ್ಕಾರದಿಂದ 30,000 ಬರುತ್ತದೆ.

ಮದ್ದೂರು ರೈತ: ಹಾಗಾದರೆ ಉಳಿದ 70,000 ಯಾರದು? ನಾನು ಹೇಳಿದ್ದೂ ಅದನ್ನೇ ಅಲ್ಲವೇ?

ಲೆಕ್ಕಿಗ, ಕುವೆಂಪುನಗರ: ನೀವು ಪ್ಯಾಕೇಜ್ ಎಂಬ ಪದವನ್ನೇ ಬಳಸಿರಲಿಲ್ಲ.

ಮೇಲುಕೋಟೆಯವಳು: ಈ ಶೇಕಡಾವಾರು ಜಗಳದಲ್ಲಿ ಮೂಲ ಪ್ರಶ್ನೆ ಮುಳುಗಿಹೋಗಿದೆ. ಅಮೆರಿಕದ ಸಬ್ಸಿಡಿ ವಿಮೆಯ ‘ಸಿಲ್ವರ್’ ಎಂಬ ಮಧ್ಯಮ ದರ್ಜೆಯ ಯೋಜನೆಯನ್ನು ನೋಡಿ: ವರಮಾನ ಬಡತನ ರೇಖೆಯ ಒಂದೂವರೆ ಪಟ್ಟಿನೊಳಗಿದ್ದರೆ ವಿಮೆಯು ಸರಾಸರಿ ಶೇ 94ರಷ್ಟು ವೆಚ್ಚವನ್ನು ಹೊರುತ್ತದೆ, ಎರಡು ಪಟ್ಟಿನವರೆಗೆ ಶೇ 87, ಎರಡೂವರೆವರೆಗೆ ಶೇ 73, ಅದರಾಚೆಗೆ ಶೇ 70. ನಮ್ಮಲ್ಲಾದರೋ ಬಿಪಿಎಲ್ ಕಾರ್ಡಿಗೆ 1.2 ಲಕ್ಷ ವಾರ್ಷಿಕ ವರಮಾನದ ಒಂದೇ ಗೆರೆ. ಅದನ್ನು ದಾಟಿದವನು ಕೈಯಿಂದ ಕೊಡಬೇಕಾದ ಪಾಲು ಸೊನ್ನೆಯಿಂದ ನೇರವಾಗಿ ಮುಕ್ಕಾಲಿನ ಹತ್ತಿರಕ್ಕೆ ಜಿಗಿಯುತ್ತದೆ.

ಒಂಟಿಕೊಪ್ಪಲಿನವ: ಅಮೆರಿಕದಲ್ಲಿ ಪ್ರತಿ ತಿಂಗಳೂ ಪ್ರೀಮಿಯಂ ಇರುತ್ತದೆ ಎಂಬುದನ್ನು ಜಾಣತನದಿಂದ ಬಿಟ್ಟಿದ್ದೀರಿ.

ಮೇಲುಕೋಟೆಯವಳು: ಅದಕ್ಕೂ ವರಮಾನ ನೋಡಿಯೇ ಸಬ್ಸಿಡಿ ಕೊಡುತ್ತಾರೆ. ಗೆರೆಯ ಬಗ್ಗೆ ಉತ್ತರ ಕೊಡಿ.

ಒಂಟಿಕೊಪ್ಪಲಿನವ: ಗೆರೆಯೆಂದ ಮೇಲೆ ಎಲ್ಲೋ ಒಂದು ಕಡೆ ಎಳೆಯಲೇಬೇಕು. ಶೇ 30ರ ವಿಷಯದಲ್ಲಿ ನನ್ನ ವಾಕ್ಯ ಅಸ್ಪಷ್ಟವಾಗಿತ್ತು, ಅಷ್ಟೇ.

ಮದ್ದೂರು ರೈತ: ಅಸ್ಪಷ್ಟವಲ್ಲ, ತಪ್ಪು. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.