ಮಂಡಿ ಸವೆತಕ್ಕೆ ನೀರಿನ ವ್ಯಾಯಾಮ ಮಾಡಿದವರು ಇದ್ದೀರಾ?

ಪ್ರಶ್ನೆ: ಅಮ್ಮನಿಗೆ 63 ವರ್ಷ, ಎರಡೂ ಮಂಡಿ ಸವೆದಿವೆ. ನೆಲದ ಮೇಲೆ ವ್ಯಾಯಾಮ ಮಾಡಿಸಿದರೆ ಎರಡನೇ ದಿನಕ್ಕೇ ನೋವು ಅಂತ ಬಿಟ್ಟುಬಿಡುತ್ತಾರೆ. ಈಗ ಫಿಸಿಯೋ ನೀರಿನಲ್ಲಿ ಮಾಡಿಸೋಣ ಅಂದಿದ್ದಾರೆ. ಅಮ್ಮನಿಗೆ ಈಜು ಬರಲ್ಲ, ನೀರು ಅಂದರೆ ಭಯ ಬೇರೆ. ನಿಜವಾಗಿ ಉಪಯೋಗ ಆಗುತ್ತಾ? ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ನನ್ನದೂ ಮಂಡಿಯೇ. ಮೊದಲು ಭಯದ ವಿಷಯ ಮುಗಿಸೋಣ. ಇದಕ್ಕೆ ಈಜು ಬೇಕಾಗಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ಅಂಚಿನ ಕಂಬಿ ಹಿಡಿದು ನಡೆಯುವುದು, ಕಾಲು ಹಿಂದೆ ಮುಂದೆ ಬೀಸುವುದು, ಕುರ್ಚಿಯಲ್ಲಿ ಕೂರುವ ಹಾಗೆ ಅರ್ಧ ಬಗ್ಗಿ ಏಳುವುದು, ಇಷ್ಟೇ. ತಲೆ ಕೂಡ ಒದ್ದೆಯಾಗಲ್ಲ. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಎದೆವರೆಗಾದರೆ ಮೂರರಲ್ಲಿ ಒಂದು ಭಾಗ, ಕುತ್ತಿಗೆವರೆಗಾದರೆ ಹತ್ತರಲ್ಲಿ ಒಂದು ಭಾಗದಷ್ಟು. ಅಂದರೆ 70 ಕೆಜಿ ಇರುವ ನಾನು ನೀರಿನಲ್ಲಿ ಇಪ್ಪತ್ತು ಚಿಲ್ಲರೆ ಕೆಜಿಯವಳಾಗಿ ಓಡಾಡಿದೆ! ಎಷ್ಟೋ ವರ್ಷಗಳ ಮೇಲೆ ಕುಂಟದೆ ನಡೆದಿದ್ದು ಅವತ್ತೇ.

ಆ ಖುಷಿಯೇ ಕೈ ಕೊಟ್ಟಿತು. ನೋವೇ ಇಲ್ಲವಲ್ಲ ಅಂತ ಮೊದಲ ದಿನವೇ 50 ನಿಮಿಷ ಮಾಡಿದೆ. ಮೆಟ್ಟಿಲು ಹತ್ತಿ ಹೊರಗೆ ಬರುವಾಗ ಮೈ ಮೂಟೆಯ ಹಾಗೆ ಭಾರ. ರಾತ್ರಿ ಮಂಡಿ ಊದಿಕೊಂಡು ಮಡಚಲಿಕ್ಕೂ ಆಗಲಿಲ್ಲ. ಫಿಸಿಯೋ ಚೆನ್ನಾಗಿ ಬೈದು 15 ನಿಮಿಷಕ್ಕೆ ಇಳಿಸಿದರು, ಆಮೇಲೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿದರು. ನೋವು ಮರುದಿನಕ್ಕೂ ಉಳಿದರೆ ಹಿಂದಿನ ದಿನ ಜಾಸ್ತಿ ಆಗಿದೆ ಅಂತ ಲೆಕ್ಕ, ಮುಂದಿನ ಸಲ ಕಡಿಮೆ ಮಾಡಿ ಅಂದರು. ನಿಮ್ಮ ಅಮ್ಮನಿಗೂ ಇದನ್ನು ಮೊದಲೇ ಹೇಳಿಬಿಡಿ, ಯಾಕಂದ್ರೆ ನೀರಿನಲ್ಲಿರುವಾಗ ಯಾರ ಮಾತೂ ಕಿವಿಗೆ ಹೋಗಲ್ಲ.

ಉತ್ತರ 2: ನೀರು ಎಷ್ಟು ಬೆಚ್ಚಗಿದೆ ಕೇಳಿ! ನನಗೆ ರುಮಟಾಯ್ಡ್ ಸಂಧಿವಾತ, ಬೆರಳು, ಭುಜ ಎರಡೂ ಹಿಡಿದಿವೆ. ಎಲ್ಲಾದರೇನು ನೀರು ನೀರೇ ಅಲ್ವಾ ಅಂತ ಈಜುವವರ ಪೂಲಿಗೆ ಹೋದೆ. ಅಲ್ಲಿ ಸಾಮಾನ್ಯವಾಗಿ 26 ರಿಂದ 28 ಡಿಗ್ರಿ ಇರುತ್ತದೆ, ಬಿರುಸಾಗಿ ಈಜುವವರಿಗೆ ಅದು ಸರಿ. ನಮ್ಮ ಹಾಗೆ ನಿಧಾನಕ್ಕೆ ಕೈಕಾಲು ಆಡಿಸುವವರಿಗೆ ಹತ್ತೇ ನಿಮಿಷಕ್ಕೆ ನಡುಕ. ನನ್ನ ಭುಜ ಇನ್ನಷ್ಟು ಬಿಗಿಯಿತು. ಚಿಕಿತ್ಸೆಗೆ ಅಂತಲೇ ಇರುವ ಪೂಲಿನಲ್ಲಿ 33 ರಿಂದ 35 ಡಿಗ್ರಿ ಇಡುತ್ತಾರೆ. ಆ ಬಿಸಿಗೆ ಸ್ನಾಯು ತಾನಾಗೇ ಸಡಿಲ ಆಗುತ್ತದೆ, ಮೇಲೆತ್ತಲು ಆಗದ ಕೈಯನ್ನು ನೀರೇ ಎತ್ತಿಕೊಡುತ್ತದೆ. ಕೀಲು ಕೆಂಪಗಾಗಿ ಬಿಸಿ ಇರುವ ದಿನ ಮಾತ್ರ ನಾನು ಇಳಿಯಲ್ಲ.

ಉತ್ತರ 3: ಫಿಸಿಯೋ ಆಗಿ ಒಂದೆರಡು ಮಾತು. ನೀರಿನಲ್ಲಿ ವೇಗವೇ ತೂಕ. ಕಾಲನ್ನು ಎರಡು ಪಟ್ಟು ಬೇಗ ಬೀಸಿದರೆ ನೀರು ಸುಮಾರು ನಾಲ್ಕು ಪಟ್ಟು ತಡೆಯುತ್ತದೆ, ಹಾಗಾಗಿ ಮೊದಲ ವಾರಗಳಲ್ಲಿ ನಿಧಾನಕ್ಕೇ ಮಾಡಿಸುತ್ತೇವೆ. ನೀರಿನ ಒತ್ತಡ ಕಾಲಿನ ಊತ ಇಳಿಸಲು ಸಹಾಯ ಮಾಡುತ್ತದೆ. ಆದರೆ ಅದೇ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆ ತಳ್ಳುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಫಿಟ್ಸ್ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು. ಜ್ವರ, ಭೇದಿ, ಚರ್ಮದ ಸೋಂಕು, ಪೂರ್ತಿ ಮಾಗದ ಗಾಯ ಅಥವಾ ಹೊಲಿಗೆ ಇದ್ದರೂ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಪಾದ ನೋಡಿಕೊಳ್ಳಿ. ಸ್ಪರ್ಶ ಕಡಿಮೆ ಆಗಿರುವವರಿಗೆ ಪೂಲಿನ ತಳದಲ್ಲಿ ಅಂಗಾಲು ತರಚಿದ್ದೇ ಗೊತ್ತಾಗಲ್ಲ, ಪೂಲ್ ಶೂ ಹಾಕಿಸಿ. ನೀರಿನಲ್ಲಿದ್ದರೂ ಬೆವರುತ್ತದೆ, ಕುಡಿಯುವ ನೀರಿನ ಬಾಟಲಿ ಹತ್ತಿರ ಇರಲಿ.

ಉತ್ತರ 4: ಎಲ್ಲರೂ ಹೊಗಳುತ್ತಿದ್ದಾರೆ, ನನಗೆ ಅಷ್ಟೇನೂ ಆಗಲಿಲ್ಲ. ಸೊಂಟನೋವಿಗೆ ಮೂರು ತಿಂಗಳು ಹೋದೆ. ಹೋಗುತ್ತಿದ್ದಾಗ ಆರಾಮ, ಬಿಟ್ಟ ಮೇಲೆ ಮತ್ತೆ ಅದೇ ಕಥೆ. ತಪ್ಪು ನನ್ನದೇ ಇರಬಹುದು. ಮನೆಯಲ್ಲಿ ಮಾಡಲಿಕ್ಕೆ ಕೊಟ್ಟ ವ್ಯಾಯಾಮಗಳನ್ನು ಮುಟ್ಟಲೇ ಇಲ್ಲ, ನೀರಿನಲ್ಲಿ ಮಾಡಿದ್ದೇ ಸಾಕು ಅಂದುಕೊಂಡೆ.

ಉತ್ತರ 1, ಮತ್ತೆ: ಉತ್ತರ 4 ಬರೆದವರೇ, ನೀವು ಹೇಳಿದ್ದು ಸರಿ ಸರ್, ನನಗೂ ಅದೇ ಆಗುವುದರಲ್ಲಿತ್ತು. ಮನೆಯ ಮೆಟ್ಟಿಲು ನೀರೊಳಗೆ ಇರಲ್ಲವಲ್ಲ, ಪೂರ್ತಿ ಭಾರ ಹೊತ್ತೇ ಹತ್ತಬೇಕು. ಎರಡನೇ ತಿಂಗಳಿಂದ ಪೂಲಿನ ದಿನ ಬಿಟ್ಟು ಉಳಿದ ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಕೂತು ಕಾಲು ನೀಟಾಗಿ ಚಾಚುವುದು ಶುರು ಮಾಡಿದೆ. ನೀರಿನಲ್ಲಿ ಒಂದಿಷ್ಟು ಬಲ ಬಂದಿದ್ದಕ್ಕೇ ನೆಲದ ಮೇಲೆ ಇದನ್ನು ಮಾಡಲು ಆಯಿತು. ಸವೆದ ಮಂಡಿ ಮೊದಲಿನಂತೆ ಆಗಲಿಲ್ಲ, ಅದನ್ನು ಯಾರೂ ಮಾಡಿಕೊಡಲ್ಲ ಬಿಡಿ. ಈಗ ಒಂದು ಮಹಡಿ ನಿಲ್ಲದೆ ಹತ್ತುತ್ತೇನೆ, ಇಳಿಯುವಾಗ ಇನ್ನೂ ಕಂಬಿ ಬೇಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ತಲೆ ಒದ್ದೆಯಾಗಲ್ಲ ಅಂದಿದ್ದಕ್ಕೆ ಅಮ್ಮ ಅರ್ಧ ಒಪ್ಪಿದ್ದಾರೆ. ಮೊದಲ ದಿನ ಬರೀ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟು ಬರುತ್ತೇನೆ, ಒತ್ತಾಯ ಮಾಡಿದರೆ ವಾಪಸ್ ಬರುತ್ತೇನೆ ಅಂತ ಷರತ್ತು! ಪೂಲಿಗೆ ಫೋನ್ ಮಾಡಿ ಕೇಳಿದೆ, ನೀರು 28 ಡಿಗ್ರಿಯಂತೆ. ಬೇರೆ ಕಡೆ ವಿಚಾರಿಸುತ್ತಿದ್ದೇನೆ.