ಎಯ್ಟ್ ಮೈಲ್ ದಾಟಬೇಡಿ ಅಂತ ಎಲ್ಲರೂ ಯಾಕೆ ಹೇಳ್ತಾರೆ?

ಟ್ರಾಯ್‌ನ ಹೊಸಬ:
ನಮಸ್ಕಾರ. ಮಿಷಿಗನ್‌ಗೆ ಬಂದು ನಾಲ್ಕು ತಿಂಗಳಾಯ್ತು. ಕಾರು ಕಂಪನಿಯೊಂದರಲ್ಲಿ ಬ್ರೇಕ್ ಸಾಫ್ಟ್‌ವೇರ್ ಕೆಲಸ, ಟ್ರಾಯ್‌ನಲ್ಲಿ ಅಪಾರ್ಟ್‌ಮೆಂಟ್. ಬಂದ ವಾರವೇ ನಮ್ಮವರು ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಮಾತು: "ಎಯ್ಟ್ ಮೈಲ್ ರಸ್ತೆ ದಾಟಿ ಡೆಟ್ರಾಯ್ಟ್ ಕಡೆ ಹೋಗಬೇಡಿ." ಆ ರಸ್ತೆ ಡೆಟ್ರಾಯ್ಟ್ ನಗರದ ಉತ್ತರದ ಗಡಿ, ನಮ್ಮ ಟ್ರಾಯ್ ಅದರ ಉತ್ತರಕ್ಕಿರುವ ಉಪನಗರ. ಯಾಕೆ ಹೋಗಬಾರದು ಅಂದ್ರೆ ನಕ್ಕು ಸುಮ್ಮನಾಗ್ತಾರೆ. ಮನೆ ತೋರಿಸಿದ ಏಜೆಂಟ್ ಮಾತ್ರ ಏನೂ ಹೇಳಲಿಲ್ಲ. "ಸ್ಕೂಲ್ ರೇಟಿಂಗ್ ನೀವೇ ನೋಡ್ಕೊಳ್ಳಿ" ಅಂದ, ಅಷ್ಟೆ.

ನಮ್ಮ ಟೀಮಿನಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕಪ್ಪು ಜನ, ಮೂರು ತಲೆಮಾರಿನಿಂದ ಡೆಟ್ರಾಯ್ಟಿನಲ್ಲೇ ಇದ್ದಾರೆ. ಶನಿವಾರ ಊಟಕ್ಕೆ ಕರೆದಿದ್ದಾರೆ. "ಹಿತ್ತಲಲ್ಲಿ ಒಂದು ಗೋಡೆ ಇದೆ, ತೋರಿಸ್ತೀನಿ" ಅಂದ್ರು. ಮ್ಯಾಪ್ ನೋಡಿದರೆ ಎಯ್ಟ್ ಮೈಲಿಗೆ ಮೂರೇ ಬೀದಿ ದಕ್ಷಿಣಕ್ಕೆ. ಹೆಂಡತಿ ಪಕ್ಕದ ಮನೆ ಅಕ್ಕನ ಹತ್ರ ಬಾಯಿಬಿಟ್ಟಳು. ಈಗ ಇಡೀ ಕಾಂಪ್ಲೆಕ್ಸಿನವರು ನನಗೆ ಬುದ್ಧಿ ಹೇಳೋರೇ. ಆ ರಸ್ತೆಯ ಕಥೆ ಏನು? ಯಾರಾದರೂ ಸರಿಯಾಗಿ ಹೇಳಿ.

ಹಿಮ ಗುಡಿಸುವವ:
ಹೋಗಿ ಬನ್ನಿ ಸಾರ್, ಆ ಗೋಡೆ ನೋಡಲೇಬೇಕು. ನಾನಿಲ್ಲಿ 28 ವರ್ಷದಿಂದ ಇದ್ದೀನಿ, ನೋಡಿದ್ದು ಹದಿನೆಂಟನೇ ವರ್ಷಕ್ಕೆ. ನಾಚಿಕೆ.

1941ರಲ್ಲಿ ಬಿಲ್ಡರ್ ಒಬ್ಬ ಅಲ್ಲಿ ಬಿಳಿಯರಿಗೆ ಅಂತ ಮನೆ ಕಟ್ಟೋಕೆ ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ. ಗೃಹಸಾಲಕ್ಕೆ ಸರ್ಕಾರದ ಖಾತರಿ ಕೊಡ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಆ ಕೇರಿ ಅಷ್ಟು ಹತ್ತಿರ ಇದ್ರೆ ಆಗಲ್ಲ ಅಂತು. ಅವನು ಎರಡರ ಮಧ್ಯೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಸಾಲ ಮಂಜೂರಾಯ್ತು. ಆರಡಿ! ಹೈಸ್ಕೂಲ್ ಹುಡುಗರು ಹಾರಿ ದಾಟ್ತಾರೆ. ಫೈಲಿಗೆ ತೋರಿಸೋಕೆ ಕಟ್ಟಿದ ಗೋಡೆ ಅದು.

ನಿಮ್ಮ ಏಜೆಂಟ್ ಬಾಯಿ ಬಿಡದಿದ್ದದ್ದು 1968ರ ಫೇರ್ ಹೌಸಿಂಗ್ ಕಾಯ್ದೆಯ ಭಯಕ್ಕೆ. ಇಂಥಾ ಕಡೆ ಇಂಥಾ ಜನ ಇದ್ದಾರೆ ಅಂತ ಗಿರಾಕಿಯನ್ನ ತಿರುಗಿಸಿದ್ರೆ ಕೇಸ್ ಬೀಳುತ್ತೆ. ರೇಟಿಂಗ್ ನೋಡ್ಕೊಳ್ಳಿ ಅಂದ್ರೆ ಯಾರೂ ಕೇಳಲ್ಲ.

ಇನ್ನು ಸ್ಕೂಲು. ಡೆಟ್ರಾಯ್ಟಿನ ಶಾಲೆಗಳಲ್ಲಿ ಕಪ್ಪು, ಬಿಳಿ ಮಕ್ಕಳು ಬೆರೀಬೇಕಾದ್ರೆ ಸುತ್ತಲಿನ ಉಪನಗರಗಳನ್ನೂ ಯೋಜನೆಗೆ ಸೇರಿಸಬೇಕು ಅಂತ ಕೆಳಗಿನ ಕೋರ್ಟು ಹೇಳಿತ್ತು. 1974ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಅದನ್ನ ತಳ್ಳಿಹಾಕ್ತು. ಆಮೇಲೆ ಕಾಂಕ್ರೀಟ್ ಯಾಕೆ ಬೇಕು, ಎಯ್ಟ್ ಮೈಲೇ ಸಾಕಾಯ್ತು.

ವಿಮೆ ಕಟ್ಟಿ ಸಾಕಾದವ:
ಇತಿಹಾಸ ಸರಿ ಸಾರ್. ಆದ್ರೆ ನಾನು ಎರಡು ವರ್ಷ ಡೆಟ್ರಾಯ್ಟಿನಲ್ಲಿದ್ದೆ, ಎರಡು ಸಲ ಕಾರಿನ ಗಾಜು ಒಡೆದ್ರು. ವಿಮೆ ಕಂತು ನೋಡಿದ್ರೆ ತಲೆ ತಿರುಗುತ್ತೆ. ಎಲ್ಲಕ್ಕೂ 1941ರ ಗೋಡೆ ಅನ್ನಬೇಡಿ. ಹಗಲು ಹೋಗಿ, ಲ್ಯಾಪ್‌ಟಾಪ್ ಸೀಟಿನ ಮೇಲೆ ಬಿಡಬೇಡಿ.

ಕ್ಯಾಂಟನ್ ಅಕ್ಕ:
ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಕಾರಿನ ಗಾಜು ಒಡೀತಾರೆ. ಅಲ್ಲಿಗೆ ಹೋಗಬೇಡಿ ಅಂತ ನಮ್ಮವರು ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ನಮ್ಮದೇ ಕಥೆ ಕೇಳಿ ತಮ್ಮಾ. ಇಲ್ಲಿನ ಜನಗಣತಿಯಲ್ಲಿ 1920ರಿಂದ 1940ರವರೆಗೆ ನಮಗೆ 'ಹಿಂದೂ' ಅನ್ನೋ ಜನಾಂಗ ಇತ್ತು. ಸಿಖ್ಖರೂ ಹಿಂದೂ, ಮುಸಲ್ಮಾನರೂ ಹಿಂದೂ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋ ಮಾಜಿ ಸೈನಿಕನಿಗೆ ನೀನು ಬಿಳಿಯ ಅಲ್ಲ, ಪೌರತ್ವ ಇಲ್ಲ ಅಂತು ಸುಪ್ರೀಂ ಕೋರ್ಟ್. (ತಾನು ಮೇಲ್ಜಾತಿಯ ಆರ್ಯ ಅಂತ ಅವನ ಕಡೆಯಿಂದ ವಾದ ಆಗಿತ್ತು, ಅದನ್ನ ನಮ್ಮವರು ಹೇಳೋದೇ ಇಲ್ಲ.) 1970ರಲ್ಲಿ ನಮ್ಮನ್ನ ಬಿಳಿಯರ ಲೆಕ್ಕಕ್ಕೆ ಹಾಕಿದ್ರು, 1980ರಲ್ಲಿ 'ಏಷ್ಯನ್ ಇಂಡಿಯನ್'. ಮೈಬಣ್ಣ ಅದೇ, ಫಾರಂ ಬೇರೆ.

1982ರಲ್ಲಿ ಇಲ್ಲೇ ಹೈಲ್ಯಾಂಡ್ ಪಾರ್ಕಿನಲ್ಲಿ ವಿನ್ಸೆಂಟ್ ಚಿನ್ ಅನ್ನೋ ಚೀನೀ ಮೂಲದ ಯುವಕನನ್ನ ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದ್ರು. ಜಪಾನ್ ಕಾರುಗಳಿಂದ ಕೆಲಸ ಹೋಗ್ತಿದ್ದ ಕಾಲ, ಆ ಸಿಟ್ಟು ಅವನ ಮೇಲೆ. ಕೊಂದ ಇಬ್ಬರೂ ಬಿಳಿಯರು. ರಾಜ್ಯದ ಕೋರ್ಟು ಕೊಟ್ಟ ಶಿಕ್ಷೆ ಪ್ರೊಬೇಷನ್ (ಜೈಲಿಲ್ಲ, ಬರೀ ನಿಗಾ) ಮತ್ತು 3,000 ಡಾಲರ್ ದಂಡ. ನಮ್ಮವರಿಗೆ ಅಂಜಿಕೆ ಮಾತ್ರ ಕಪ್ಪು ಜನರದ್ದು.

2022ರಲ್ಲಿ ಡೆಟ್ರಾಯ್ಟಿನಿಂದ ಕಾಂಗ್ರೆಸ್ಸಿಗೆ, ಅಂದ್ರೆ ಇಲ್ಲಿನ ಸಂಸತ್ತಿಗೆ, ಗೆದ್ದವರು ನಮ್ಮ ಬೆಳಗಾವಿ ಕಡೆಯ ಶ್ರೀ ಥಾನೇದಾರ್. ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನರಿರುವ ಊರು ಅದು. ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಪ್ರೈಮರಿ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿಗಳು ಹಲವರಿದ್ದು ಮತ ಹಂಚಿಹೋಗಿತ್ತು. 1950ರ ದಶಕದಿಂದ ಕಾಂಗ್ರೆಸ್ಸಿನಲ್ಲಿ ಡೆಟ್ರಾಯ್ಟಿನ ಕಪ್ಪು ಪ್ರತಿನಿಧಿಯೊಬ್ಬರಾದರೂ ಇರ್ತಿದ್ರು, ಆ ಸಲ ಇಲ್ಲವಾಯ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಲಾಡು ಹಂಚಿದ್ದೇ ಹಂಚಿದ್ದು. ನನ್ನ ಪಾಳಿಯ ಕಪ್ಪು ನರ್ಸ್ ಆ ದಿನ ಮಾತೇ ಆಡಲಿಲ್ಲ. ನನಗೆ ಎರಡೂ ಅರ್ಥವಾಯ್ತು, ಇವತ್ತಿಗೂ ಏನು ಹೇಳಬೇಕಿತ್ತೋ ಗೊತ್ತಿಲ್ಲ.

"ನೀವು ಯಾವ ಜನ?" ಅಂತ ಕೇಳಿ ಮನೆ ಬಾಡಿಗೆ ಕೊಡ್ತಿದ್ದವರ ಮಕ್ಕಳು ನಾವು. ರೇಟಿಂಗ್ ಅನ್ನೋ ಮಾತಿನ ಅರ್ಥ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಟ್ರಾಯ್‌ನ ಹೊಸಬ:
ಹೋಗಿ ಬಂದ್ವಿ. ಕಾರಿಗೆ ಏನೂ ಆಗಿಲ್ಲ (ಎಲ್ಲರೂ ಮೊದಲು ಕೇಳಿದ್ದೇ ಅದು). ಸೊಪ್ಪಿನ ಪಲ್ಯಕ್ಕೆ ಟರ್ಕಿ ಮಾಂಸ ಹಾಕೋದು ಅವರ ರೂಢಿಯಂತೆ, ನಮಗೆ ಅಂತ ಬೇರೆ ಪಾತ್ರೆಯಲ್ಲಿ ಬರೀ ಸೊಪ್ಪು ಬೇಯಿಸಿಟ್ಟಿದ್ರು.

ಗೋಡೆ ನೋಡಿದೆ. ಅವರ ಅಜ್ಜ ಇದ್ದದ್ದು ಅದರ ಆಚೆ. ಬಿಳಿಯರು ಮನೆ ಮಾರಿ ಹೋಗತೊಡಗಿದಾಗ ಅಪ್ಪ ಈಚೆಗೆ ಕೊಂಡರಂತೆ. ಈಗ ಎರಡೂ ಕಡೆ ಕಪ್ಪು ಜನರೇ. ಪಾರ್ಕಿನ ಕಡೆ ಅದರ ಮೇಲೆ ಚಿತ್ರ ಬರೆದಿದ್ದಾರೆ, ಇವರ ಹಿತ್ತಲಲ್ಲಿ ಅದಕ್ಕೆ ಸೈಕಲ್ ಒರಗಿಸಿತ್ತು.

ಹೊರಡುವಾಗ, ಮುಂದಿನ ತಿಂಗಳು ನಮ್ಮನೆಗೆ ಬನ್ನಿ ಅಂದೆ. ಬರ್ತೀನಿ ಅಂದ್ರು. ಆಮೇಲೆ, "ನಾನು ಫೋನ್ ಮಾಡಿದಾಗ ನೀನು ಕೆಳಗಿಳಿದು ಪಾರ್ಕಿಂಗಿನಲ್ಲಿ ನಿಂತಿರು. ಟ್ರಾಯ್‌ನಲ್ಲಿ ಕತ್ತಲಾದ ಮೇಲೆ ನಾನೊಬ್ಬನೇ ಕಾರಿನಲ್ಲಿ ಕೂತು ಕಾಯಲ್ಲ" ಅಂದ್ರು.