ಕಾಂಡ್ಲಾ ದಂಡೆಯ ಟೈಮ್‌ಲ್ಯಾಪ್ಸ್ ಕ್ಯಾಮೆರಾ: ಬ್ಯಾಟರಿ ಹತ್ತು ದಿನಕ್ಕೆ ಖಾಲಿ, ಗಡಿಯಾರದಲ್ಲಿ ವ್ಯತ್ಯಾಸ, ಬೆಳಗ್ಗೆ ಗಾಜಿನ ಮೇಲೆ ಮಂಜು

ಪ್ರಶ್ನೆ (ಕೆಮ್ಮಣ್ಣು, ಉಡುಪಿ)

ಎಲ್ಲರಿಗೂ ನಮಸ್ಕಾರ. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರ ಸೇರುವ ಕೋಡಿ ಬೆಂಗ್ರೆಯ ಅಳಿವೆಯಿಂದ ಸ್ವಲ್ಪ ಒಳಗೆ, ಹಿನ್ನೀರಿನ ಒಂದು ಕೆಸರುದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿಗಳು ತಾವಾಗಿಯೇ ಬೇರೂರುತ್ತಿವೆ. ಅವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಮಳೆಗಾಲದ ನೆರೆಗೆ ಕೊಚ್ಚಿಹೋಗುತ್ತದೆ, ದಂಡೆಯ ಅಂಚು ಎಷ್ಟು ಸವೆಯುತ್ತದೆ ಎಂಬುದನ್ನು ವರ್ಷವಿಡೀ ಚಿತ್ರಗಳಲ್ಲಿ ದಾಖಲಿಸುವ ಉದ್ದೇಶದಿಂದ ಕಡಿಮೆ ಖರ್ಚಿನ ಕ್ಯಾಮೆರಾವೊಂದನ್ನು ಕಟ್ಟಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ದಡದ ಕಂಬವೊಂದಕ್ಕೆ ಬಿಗಿದಿದ್ದೇವೆ.

ಬಳಸಿರುವುದು ಸಾವಿರ ರೂಪಾಯಿಯೊಳಗೆ ಸಿಗುವ ಇಎಸ್‌ಪಿ32-ಕ್ಯಾಮ್ ಬೋರ್ಡ್ (ಇಎಸ್‌ಪಿ32 ಚಿಪ್ ಮತ್ತು ಪುಟ್ಟ ಕ್ಯಾಮೆರಾ ಇರುವ ಸರ್ಕ್ಯೂಟ್), 2600 ಮಿಲಿಆಂಪಿಯರ್-ಗಂಟೆಯ ಒಂದು 18650 ಸೆಲ್, ಸೆಲ್‌ನ ವೋಲ್ಟೇಜನ್ನು 5ಕ್ಕೆ ಏರಿಸುವ ಬೂಸ್ಟರ್ ಮತ್ತು ಧೂಳು, ನೀರು ತಡೆಯುವ ಐಪಿ65 ದರ್ಜೆಯ ಪ್ಲಾಸ್ಟಿಕ್ ಪೆಟ್ಟಿಗೆ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಅರ್ಧ ಗಂಟೆಗೊಂದು ಚಿತ್ರ ತೆಗೆದು, ಉಳಿದ ಸಮಯ ಬೋರ್ಡ್ ಡೀಪ್ ಸ್ಲೀಪ್‌ನಲ್ಲಿ (ಗಾಢ ನಿದ್ರೆಯಲ್ಲಿ) ಇರುವಂತೆ ಪ್ರೋಗ್ರಾಮ್ ಬರೆದಿದ್ದೇವೆ. ತೊಂದರೆಗಳು ಮೂರು. ಡೀಪ್ ಸ್ಲೀಪ್‌ನಲ್ಲಿ ಚಿಪ್ ಬಳಸುವುದು ಕೆಲವೇ ಮೈಕ್ರೋಆಂಪಿಯರ್ ಎಂದು ಓದಿದ್ದರೂ ಬ್ಯಾಟರಿ ಹತ್ತು ದಿನ ದಾಟುವುದಿಲ್ಲ. ಬೋರ್ಡ್‌ನ ಗಡಿಯಾರ ದಿನದಿಂದ ದಿನಕ್ಕೆ ಎತ್ತಲೋ ಸರಿಯುವುದರಿಂದ ಚಿತ್ರಗಳನ್ನು ಉಬ್ಬರವಿಳಿತದ ವೇಳಾಪಟ್ಟಿಗೆ ಹೊಂದಿಸಲಾಗುತ್ತಿಲ್ಲ. ಬೆಳಗಿನ ಮೊದಲ ಮೂರು ನಾಲ್ಕು ಚಿತ್ರಗಳಲ್ಲಿ ಹಾಲು ಬಳಿದಂತೆ ಬಿಳುಪು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಸೋಲಾರ್ ಪ್ಯಾನೆಲ್ ಸೇರಿಸಿದರೆ ಮೊದಲನೆಯದಾದರೂ ಸರಿಹೋದೀತೇ?

ಉತ್ತರ (ಸುರತ್ಕಲ್)

ಪ್ಯಾನೆಲ್ ಕೊಳ್ಳುವ ಮುನ್ನ, ಕ್ಯಾಮೆರಾ ನಿದ್ರಿಸುತ್ತಿರುವಾಗ ಸೆಲ್ ಮತ್ತು ಬೂಸ್ಟರ್ ನಡುವೆ ಮಲ್ಟಿಮೀಟರ್ ಇಟ್ಟು ಕರೆಂಟ್ ಅಳೆಯಿರಿ. ನನ್ನ ಅಂದಾಜು 9 ಮಿಲಿಆಂಪಿಯರ್ ಆಸುಪಾಸು. ನೀವು ಓದಿರುವುದು ಸರಿಯೇ. ಇಎಸ್‌ಪಿ32 ಚಿಪ್ ಗಾಢ ನಿದ್ರೆಯಲ್ಲಿ ಬಳಸುವುದು ಸುಮಾರು 10 ಮೈಕ್ರೋಆಂಪಿಯರ್ ಮಾತ್ರ. ಆದರೆ ಮಲಗುವುದು ಚಿಪ್, ಇಡೀ ಬೋರ್ಡ್ ಅಲ್ಲ. ಬೋರ್ಡ್‌ನ ಮೇಲಿರುವ ಎಎಂಎಸ್1117 ಎಂಬ ವೋಲ್ಟೇಜ್ ರೆಗ್ಯುಲೇಟರ್ ಏನೂ ಕೆಲಸವಿಲ್ಲದಿದ್ದಾಗಲೂ ತನ್ನ ಪಾಲಿಗೆ ಸುಮಾರು 5 ಮಿಲಿಆಂಪಿಯರ್ ಎಳೆಯುತ್ತದೆ. ಕ್ಯಾಮೆರಾ ಸೆನ್ಸರ್ ಮತ್ತು ಹೆಚ್ಚುವರಿ ಮೆಮೊರಿಯ ಪಾಲನ್ನೂ ಸೇರಿಸಿದರೆ 5 ವೋಲ್ಟ್‌ನಲ್ಲಿ 6 ಮಿಲಿಆಂಪಿಯರ್ ಆಗುತ್ತದೆ. ಬೂಸ್ಟರಿನ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸೆಲ್ ಕಡೆಯಿಂದ ಅದೇ 9 ದಾಟುತ್ತದೆ.

ಈಗ ದಿನದ ಲೆಕ್ಕ ನೋಡಿ. ನಿದ್ರೆಗೆ 9.5 ಮಿಲಿಆಂಪಿಯರ್‌ನಂತೆ 24 ಗಂಟೆಗೆ ಸುಮಾರು 228 ಮಿಲಿಆಂಪಿಯರ್-ಗಂಟೆ. ಒಂದು ಚಿತ್ರಕ್ಕೆ 15 ಸೆಕೆಂಡು ಕಾಲ 200 ಮಿಲಿಆಂಪಿಯರ್ ಎಂದು ಧಾರಾಳವಾಗಿ ಹಿಡಿದರೂ, ಬೂಸ್ಟರಿನ ನಷ್ಟವೂ ಸೇರಿ, 24 ಚಿತ್ರಗಳಿಗೆ ಆಗುವ ಖರ್ಚು ಸುಮಾರು 32. ಒಟ್ಟು 260. ನಿಮ್ಮ 2600ರ ಸೆಲ್ ಹತ್ತು ದಿನಕ್ಕೆ ಮುಗಿಯುವುದರಲ್ಲಿ ಆಶ್ಚರ್ಯವಿಲ್ಲ, ಚಿತ್ರಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಹೆಚ್ಚಿನ ಲಾಭವಿಲ್ಲ. ಎಷ್ಟು ಚಿತ್ರ ತೆಗೆಯಬೇಕು ಎಂದು ತಲೆಕೆಡಿಸಿಕೊಳ್ಳುವವರೇ ಹೆಚ್ಚು, ಚಿತ್ರ ತೆಗೆಯದಿರುವಾಗ ಏನಾಗುತ್ತಿದೆ ಎಂದು ನೋಡುವವರು ಕಡಿಮೆ. ಕಾಂಡ್ಲಾದ ನೆರಳಿನಲ್ಲಿ, ಅದರಲ್ಲೂ ಜೂನ್-ಜುಲೈಯ ಮೋಡದಲ್ಲಿ, ಚಿಕ್ಕ ಪ್ಯಾನೆಲ್‌ನಿಂದ ಈ ಸೋರಿಕೆಯನ್ನು ತುಂಬಿಸಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ಪರಿಹಾರವೆಂದರೆ ಬೋರ್ಡನ್ನು ಮಲಗಿಸುವ ಬದಲು ಪೂರ್ತಿಯಾಗಿ ಆರಿಸುವುದು. ಡಿಎಸ್3231 ಗಡಿಯಾರದ ಮಾಡ್ಯೂಲ್ ಒಂದನ್ನೂ ಎಒ3401ನಂಥ ಪಿ-ಚಾನೆಲ್ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಒಂದನ್ನೂ ತನ್ನಿ. ಸೆಲ್‌ನ ಧನಾಗ್ರ ಮಾಸ್ಫೆಟ್‌ನ ಮೂಲಕವೇ ಬೂಸ್ಟರಿಗೆ ಹೋಗಲಿ. ಅದರ ನಿಯಂತ್ರಣ ಪಿನ್ನಾದ ಗೇಟ್‌ನಿಂದ ಸೆಲ್‌ನ ಧನಾಗ್ರಕ್ಕೆ 100 ಕಿಲೋಓಮ್ ರೆಸಿಸ್ಟರ್ ಇರಲಿ, ಅದೇ ಗೇಟನ್ನು ಗಡಿಯಾರದ ಅಲಾರ್ಮ್ ಪಿನ್ನಿಗೂ ಜೋಡಿಸಿ. ಅಲಾರ್ಮ್ ಹೊಡೆದಾಗ ಆ ಪಿನ್ನಿನ ವೋಲ್ಟೇಜ್ ಕೆಳಗಿಳಿದು ಮಾಸ್ಫೆಟ್ ಕರೆಂಟ್ ಹರಿಯಬಿಡುತ್ತದೆ, ಬೋರ್ಡ್ ಎದ್ದು ಚಿತ್ರ ತೆಗೆಯುತ್ತದೆ, ಮುಂದಿನ ಅಲಾರ್ಮ್ ಇಟ್ಟು ಹಳೆಯದನ್ನು ಅಳಿಸಿದ ಕ್ಷಣ ತನ್ನ ವಿದ್ಯುತ್ತನ್ನು ತಾನೇ ಕಡಿದುಕೊಳ್ಳುತ್ತದೆ. ಕ್ರಮ ಮುಖ್ಯ: ಮುಂದಿನ ಅಲಾರ್ಮ್ ಮೊದಲು, ಮೆಮೊರಿ ಕಾರ್ಡ್ ಮುಚ್ಚುವುದು ಆಮೇಲೆ, ಹಳೆಯ ಅಲಾರ್ಮ್ ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ಇದು ತಪ್ಪಿದರೆ ಕಡತ ಅರ್ಧ ಬರೆದಿರುವಾಗಲೇ ಕರೆಂಟ್ ಹೋಗಿ ಕಾರ್ಡ್ ಕೆಡುತ್ತದೆ.

ನಿಮ್ಮ ಎರಡನೆಯ ತೊಂದರೆಗೂ ಇದರಲ್ಲೇ ಉತ್ತರವಿದೆ. ಬೋರ್ಡ್ ಮಲಗಿರುವಾಗ ಚಿಪ್ ಸಮಯ ಎಣಿಸುವುದು ಒಳಗಿನ 150 ಕಿಲೋಹರ್ಟ್ಸ್‌ನ ಆಂದೋಲಕದಿಂದ, ಅದರ ವೇಗ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಬರೀ ಶೇಕಡಾ 1ರಷ್ಟು ತಪ್ಪಿದರೂ ದಿನಕ್ಕೆ 14 ನಿಮಿಷ ಹೋಯಿತು. ಡಿಎಸ್3231 ಉಷ್ಣತೆಯನ್ನು ಅಳೆದು ತನ್ನನ್ನು ತಿದ್ದಿಕೊಳ್ಳುತ್ತದೆ. 0ರಿಂದ 40 ಡಿಗ್ರಿಯವರೆಗೆ ಅದರ ತಪ್ಪು ಹತ್ತು ಲಕ್ಷಕ್ಕೆ 2, ಅಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ.

ಮಾಡ್ಯೂಲ್‌ನಲ್ಲಿ ಎರಡು ಕಡೆ ಬೆಸುಗೆ ಬಿಡಿಸಬೇಕು. ಸದಾ ಉರಿಯುವ ದೀಪದ ರೆಸಿಸ್ಟರ್ ಒಂದು. ಇನ್ನೊಂದು, ಗಡಿಯಾರದ ಗುಂಡಿ ಬ್ಯಾಟರಿಯನ್ನು ಚಾರ್ಜ್ ಮಾಡುವ ರೆಸಿಸ್ಟರ್. ಅಗ್ಗದ ಝಡ್‌ಎಸ್-042 ಮಾಡ್ಯೂಲ್‌ಗಳಲ್ಲಿ ಈ ಚಾರ್ಜಿಂಗ್ ದಾರಿ ಇರುತ್ತದೆ, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಸಿಆರ್2032 ಚಾರ್ಜ್ ಮಾಡಬಾರದ ಬ್ಯಾಟರಿ.

ಉತ್ತರ (ಬೆಂಗ್ರೆ, ಮಂಗಳೂರು)

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಮಂಜು ಮತ್ತು ಉಬ್ಬರದ ವಿಷಯ ಬರೆಯುತ್ತೇನೆ.

ಗಾಜು ಮಂಜಾಗುವುದಕ್ಕೆ ಪೆಟ್ಟಿಗೆ ಸೋರಲೇಬೇಕೆಂದಿಲ್ಲ. 30 ಡಿಗ್ರಿ ಉಷ್ಣತೆ, ಶೇಕಡಾ 85 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 26 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ರಾತ್ರಿ 24 ಡಿಗ್ರಿಗೆ ಇಳಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು 22 ಗ್ರಾಂ ಮಾತ್ರ. ನಮ್ಮ ಕರಾವಳಿಯ ಮಧ್ಯಾಹ್ನ ದಡದಲ್ಲಿ ನಿಂತು ಮುಚ್ಚಳ ಬಿಗಿದರೆ ಮರುದಿನದ ಮಂಜನ್ನು ನೀವೇ ಒಳಗೆ ತುಂಬಿಸಿಟ್ಟಂತೆ. ಒಂದು ಲೀಟರಿನ ಪೆಟ್ಟಿಗೆಯಲ್ಲಿ ಹೆಚ್ಚಾಗುವ ನೀರು 4 ಮಿಲಿಗ್ರಾಂ ಅಷ್ಟೇ, ಆದರೆ ಅದು ಹೋಗಿ ಕೂರುವುದು ಎಲ್ಲಕ್ಕಿಂತ ಬೇಗ ತಣಿಯುವ ಮುಂಭಾಗದ ಗಾಜಿನ ಮೇಲೆ. ಆದ್ದರಿಂದ ಪೆಟ್ಟಿಗೆಯನ್ನು ಹವಾನಿಯಂತ್ರಿತ ಕೋಣೆಯಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟು ಅಲ್ಲಿಯೇ ಮುಚ್ಚಿ. 24 ಡಿಗ್ರಿ, ಶೇಕಡಾ 50 ಆರ್ದ್ರತೆಯ ಗಾಳಿ 13 ಡಿಗ್ರಿಗೆ ಇಳಿಯುವವರೆಗೆ ಮಂಜು ಕಟ್ಟುವುದಿಲ್ಲ, ನಮ್ಮ ಅಳಿವೆಯಲ್ಲಿ ಅಷ್ಟು ಚಳಿ ಬೀಳುವುದಿಲ್ಲ. (ಮನೆಯಲ್ಲಿ ಎಸಿ ಇಲ್ಲದ ಗೆಳೆಯರೊಬ್ಬರು ಎಟಿಎಂ ಕೋಣೆ ಆದೀತೇ ಎಂದು ಕೇಳಿದ್ದರು. ಅಲ್ಲಿ ಬ್ಯಾಟರಿ, ತಂತಿ ಹರಡಿಕೊಂಡು ಕುಳಿತರೆ ಬೇರೆಯೇ ತೊಂದರೆ ಬಂದೀತು.)

ಒಳಗೆ ಹತ್ತಿಪ್ಪತ್ತು ಗ್ರಾಂ ಸಿಲಿಕಾ ಜೆಲ್ ಇಡಿ. ಬಣ್ಣ ಬದಲಾದಾಗ 110-120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಆದರೆ ಅದೊಂದನ್ನೇ ನಂಬಬೇಡಿ. ಪೆಟ್ಟಿಗೆ ಬಿಸಿಲಿಗೆ ಕಾದು ರಾತ್ರಿ ತಣಿಯುವಾಗ ಒಳಗಿನ ಒತ್ತಡ ಕುಸಿದು, ತಂತಿ ಹೊಕ್ಕ ಸಂದಿಯಿಂದ ತೇವದ ಗಾಳಿಯನ್ನು, ಮಳೆ ಬಂದರೆ ನೀರನ್ನೇ ಎಳೆದುಕೊಳ್ಳುತ್ತದೆ. ಸೋಲಾರ್ ಪ್ಯಾನೆಲ್ ಬೇಡವೆನ್ನಲು ನನಗಿರುವ ಕಾರಣ ಇದೇ: ತಂತಿ ಇಲ್ಲದಿದ್ದರೆ ತೂತೂ ಇಲ್ಲ. ಮೇಲೆ ಒಂದು ಬಿಳಿ ಹಾಳೆಯ ಮಾಡು ಕಟ್ಟಿ ಬಿಸಿಲು ತಪ್ಪಿಸಿದರೆ ಈ ಉಸಿರಾಟವೂ ಕಡಿಮೆಯಾಗುತ್ತದೆ.

ಗಾಜನ್ನು ಅಂಟಿಸಲು ಬಳಸಿದ ಸಿಲಿಕೋನ್ ಯಾವುದೆಂದು ಪರೀಕ್ಷಿಸಿ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಟ್ಯೂಬ್‌ಗಳು ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುತ್ತದೆ. ಅದು ಅಸಿಟಿಕ್ ಆಮ್ಲ, ಮುಚ್ಚಿದ ಪೆಟ್ಟಿಗೆಯೊಳಗೆ ತಾಮ್ರವನ್ನು ತಿನ್ನುತ್ತದೆ. ಪಿನ್ನುಗಳ ಬುಡದಲ್ಲಿ ಹಸಿರು ಹುಡಿ ಕಂಡರೆ ಉಪ್ಪುಗಾಳಿಯನ್ನೇ ದೂರಬೇಡಿ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ತನ್ನಿ.

ಇನ್ನು ಉಬ್ಬರ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಪಣಂಬೂರಿನ ಬಂದರಿನ ವೇಳಾಪಟ್ಟಿಯ ಇಳಿತ ನಿಮ್ಮ ಹಿನ್ನೀರಿನಲ್ಲಿ ಅದೇ ಹೊತ್ತಿಗೆ ಆಗುವುದಿಲ್ಲ, ಒಳಗೆ ಹೋದಷ್ಟೂ ತಡ. ಹಾಗಾಗಿ ಇಳಿತದ ಹೊತ್ತನ್ನು ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿಸುವ ಸಾಹಸ ಬೇಡ. ಅರ್ಧ ಗಂಟೆಗೊಂದು ಚಿತ್ರ ಮುಂದುವರಿಯಲಿ. ಚೌಕಟ್ಟಿನ ಒಂದು ಬದಿಗೆ ಹತ್ತು ಸೆಂಟಿಮೀಟರಿಗೊಂದು ಕೆಂಪು ಪಟ್ಟಿ ಬಳಿದ ಬಿಳಿ ಪಿವಿಸಿ ಪೈಪನ್ನು ಕೆಸರಿನಲ್ಲಿ ಆಳವಾಗಿ ಊರಿ. ನೀರು ಎಷ್ಟನೆಯ ಪಟ್ಟಿಯಲ್ಲಿದೆ ಎಂಬುದನ್ನು ಚಿತ್ರದಲ್ಲೇ ಓದಿ, ಒಂದೇ ಮಟ್ಟದ ಚಿತ್ರಗಳನ್ನು ಮನೆಯಲ್ಲಿ ಕುಳಿತು ಆರಿಸಿ ಹೋಲಿಸಬಹುದು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿನ ದೊಡ್ಡ ಇಳಿತಗಳಲ್ಲಿ ದಂಡೆಯ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಮರುವಾಯಿ (ಚಿಪ್ಪುಮೀನು) ಹೆಕ್ಕಲು ಬರುವವರಿಗೆ ಆ ಪೈಪ್ ಏನು, ಕ್ಯಾಮೆರಾ ಏಕೆ ಎಂದು ಮೊದಲೇ ತಿಳಿಸಿರಿ. ಅವರೇ ಅದನ್ನು ಕಾಯುತ್ತಾರೆ.

ಉತ್ತರ (ಮಣಿಪಾಲ)

ಇಷ್ಟೆಲ್ಲ ಬೆಸುಗೆ ಹಾಕುವ ಬದಲು ಟೈಮ್‌ಲ್ಯಾಪ್ಸ್ ಸೌಲಭ್ಯವಿರುವ ಸಿದ್ಧ ಟ್ರೇಲ್ ಕ್ಯಾಮೆರಾ (ಕಾಡಿನಲ್ಲಿ ಪ್ರಾಣಿಗಳ ಚಿತ್ರ ತೆಗೆಯಲು ಕಟ್ಟಿಡುವಂಥದ್ದು) ಕೊಳ್ಳಬಹುದಲ್ಲವೇ? ಒಂದೇ ಜಾಗವಾದರೆ ನಾನು ಅದನ್ನೇ ಸೂಚಿಸುವೆ.

ಪ್ರಶ್ನೆ ಕೇಳಿದವರು

ಜಾಗ ಒಂದೇ ಅಲ್ಲ, ಇದು ಸರಿಹೋದರೆ ಇನ್ನೂ ಕೆಲವು ದಂಡೆಗಳಲ್ಲಿ ಇಡುವ ಯೋಚನೆಯಿದೆ. ಒಂದು ನೆರೆಗೆ ಕೊಚ್ಚಿಹೋದರೂ ನಷ್ಟ ಸಹಿಸುವಂತಿರಬೇಕು.

ಸುರತ್ಕಲ್‌ನವರ ಅಂದಾಜು ಸರಿಯಾಗಿತ್ತು. ನಿದ್ರೆಯಲ್ಲಿ ಮೀಟರ್ 9.2 ಮಿಲಿಆಂಪಿಯರ್ ತೋರಿಸಿತು. ಮಾಸ್ಫೆಟ್, ಗಡಿಯಾರ ಎರಡನ್ನೂ ಜೋಡಿಸಿದ ಮೇಲೆ ಎರಡು ಹೊಸ ಸಂಗತಿಗಳು ಎದುರಾಗಿವೆ. ಬೋರ್ಡ್ ಆರಿದ ಮೇಲೂ 1 ಮಿಲಿಆಂಪಿಯರಿಗಿಂತ ತುಸು ಹೆಚ್ಚು ಹರಿಯುತ್ತಿದೆ. ಇನ್ನೊಂದೆಡೆ, ಅಲಾರ್ಮ್ ಹೊಡೆದಾಗ ಬೋರ್ಡಿಗೆ 5 ವೋಲ್ಟ್ ಸಿಕ್ಕಿದರೂ ಅದು ಏಳುವುದಿಲ್ಲ, ಗಡಿಯಾರದ ತಂತಿಗಳನ್ನು ಕಳಚಿದರೆ ಏಳುತ್ತದೆ. ತಂತಿಗಳು 12 ಮತ್ತು 13ನೆಯ ಪಿನ್ನುಗಳಲ್ಲಿವೆ.

ಉತ್ತರ (ಸುರತ್ಕಲ್)

ಎರಡಕ್ಕೂ ಕಾರಣ ಗಡಿಯಾರದ ಮಾಡ್ಯೂಲ್‌ನಲ್ಲಿರುವ 4.7 ಕಿಲೋಓಮ್‌ನ ಪುಲ್-ಅಪ್ ರೆಸಿಸ್ಟರ್‌ಗಳು, ಅಂದರೆ ತಂತಿಗಳ ವೋಲ್ಟೇಜನ್ನು ಮೇಲೆ ಹಿಡಿದಿಡುವಂಥವು. ಗಡಿಯಾರಕ್ಕೆ ಸೆಲ್‌ನಿಂದ ಸದಾ ವಿದ್ಯುತ್ ಇರುವುದರಿಂದ, ಬೋರ್ಡ್ ಆರಿರುವಾಗಲೂ ಆ ರೆಸಿಸ್ಟರ್‌ಗಳ ಮೂಲಕ ಎರಡೂ ತಂತಿಗಳಲ್ಲಿ ಕರೆಂಟ್ ಹಿಂಬಾಗಿಲಿನಿಂದ ಚಿಪ್‌ನೊಳಗೆ ನುಗ್ಗುತ್ತದೆ. ಮಾಡ್ಯೂಲ್‌ನ ಆ ರೆಸಿಸ್ಟರ್ ಗುಚ್ಛವನ್ನು ಬಿಡಿಸಿ ತೆಗೆದು, ಅವುಗಳ ಬದಲು ಬೋರ್ಡ್‌ನ 3.3 ವೋಲ್ಟ್ ಪಿನ್ನಿಗೆ ಹೊಸ ಎರಡು ರೆಸಿಸ್ಟರ್ ಹಾಕಿ. ಬೋರ್ಡ್ ಆರಿದಾಗ ಅವೂ ಆರುತ್ತವೆ. ತುಂಬಿದ ಸೆಲ್‌ನ 4.2 ವೋಲ್ಟ್ ಚಿಪ್‌ನ ಪಿನ್ನುಗಳಿಗೆ ತಾಗುವುದೂ ತಪ್ಪುತ್ತದೆ.

12ನೆಯ ಪಿನ್ ಬೇಡ. ಬೋರ್ಡ್ ಏಳುವ ಕ್ಷಣದಲ್ಲಿ ಆ ಪಿನ್ನಿನ ವೋಲ್ಟೇಜ್ ಮೇಲಿದ್ದರೆ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಸಾಕೆಂದು ಚಿಪ್ ತಿಳಿಯುತ್ತದೆ, ಪ್ರೋಗ್ರಾಮ್ ಶುರುವಾಗುವುದೇ ಇಲ್ಲ. ತಂತಿಯನ್ನು 3ನೆಯ ಪಿನ್ನಿಗೆ ಸರಿಸಿ, ಪ್ರೋಗ್ರಾಮ್ ತುಂಬಿಸುವಾಗ ಮಾತ್ರ ಅದನ್ನು ಕಳಚಬೇಕಾಗುತ್ತದೆ. 13 ಬಳಸುತ್ತಿರುವುದರಿಂದ ಮೆಮೊರಿ ಕಾರ್ಡ್ ಒಂದೇ ದತ್ತಾಂಶ ತಂತಿಯ ಕ್ರಮದಲ್ಲಿ ತೆರೆಯುವಂತಿರಲಿ. ಹಾಗೆ ಮಾಡಿದರೆ ಪ್ರತಿ ಚಿತ್ರಕ್ಕೂ ಬಿಳಿ ಫ್ಲ್ಯಾಶ್ ದೀಪ ಮಿನುಗುವುದೂ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಈಗ ಆರಿದಾಗಿನ ಕರೆಂಟ್ 0.13 ಮಿಲಿಆಂಪಿಯರ್. ಎಸಿ ಕೋಣೆಯಲ್ಲಿ ಮುಚ್ಚಿದ ಬಳಿಕ ಬೆಳಗಿನ ಚಿತ್ರಗಳೂ ತಿಳಿಯಾಗಿವೆ. ಆದರೆ ಎಲ್ಲ ಚಿತ್ರಗಳಿಗೂ ಹಸಿರು ಛಾಯೆ ಬಂದಿದೆ, ಕೆಲವು ಕಪ್ಪಾಗಿವೆ. ಮೊದಲು ಹೀಗಿರಲಿಲ್ಲ.

ಉತ್ತರ (ಬೆಂಗ್ರೆ, ಮಂಗಳೂರು)

ಈಗ ಸೆನ್ಸರ್ ಪ್ರತಿ ಸಲವೂ ಪೂರ್ತಿ ಆರಿ ಏಳುವುದರಿಂದ ಬೆಳಕು ಮತ್ತು ಬಣ್ಣದ ಅಂದಾಜನ್ನು ಮೊದಲಿನಿಂದ ಮಾಡಿಕೊಳ್ಳುತ್ತದೆ. ಎರಡು ಸೆಕೆಂಡು ಬಿಟ್ಟು, ಮೊದಲ ಐದಾರು ಚೌಕಟ್ಟುಗಳನ್ನು ತೆಗೆದು ಎಸೆದು, ಅನಂತರದ್ದನ್ನು ಉಳಿಸಿ. ಸಸಿಗಳ ಹಸಿರನ್ನು ತಿಂಗಳಿಂದ ತಿಂಗಳಿಗೆ ಹೋಲಿಸುವ ಆಲೋಚನೆ ಇದ್ದರೆ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ತಿದ್ದುವ ಸೌಲಭ್ಯ) ನಿಲ್ಲಿಸಿ ‘ಬಿಸಿಲು’ ಎಂಬ ಸ್ಥಿರ ಆಯ್ಕೆಯಲ್ಲಿಡಿ. ಇಲ್ಲವಾದರೆ ಮೋಡ ಬಂದ ದಿನ ಎಲೆಯ ಬಣ್ಣ ಬದಲಾಯಿತೋ ಕ್ಯಾಮೆರಾದ ಲೆಕ್ಕ ಬದಲಾಯಿತೋ ತಿಳಿಯುವುದಿಲ್ಲ. ಕಾರ್ಡ್ 32 ಜಿಬಿಗಿಂತ ದೊಡ್ಡದು ಬೇಡ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಿ. ಚಿತ್ರವೊಂದಕ್ಕೆ 250 ಕೆಬಿ ಹಿಡಿದರೂ ದಿನಕ್ಕೆ 6 ಎಂಬಿ ಆಗುವುದರಿಂದ ನಿಮ್ಮ ಒಂದು ವರ್ಷಕ್ಕೆ 4 ಜಿಬಿಯ ಹಳೆಯ ಕಾರ್ಡೇ ಧಾರಾಳ.